ಪಾಲಿಸಿ ಮಾಮನಿಂದ ತಪ್ಪಿಸಿಕೊಂಡ ದಿನಗಳು

ಮೊನ್ನೆ ಬೀರುವಿನ ಕೆಳಖಾನೆಯಲ್ಲಿ ಕಾಗದಪತ್ರ ತಡಕಾಡುತ್ತಿದ್ದಾಗ ಹಳೆಯದೊಂದು ಪ್ಲಾಸ್ಟಿಕ್ ಫೈಲು ಕೈಗೆ ಬಂತು. ಗುಂಡಿ ಬಿಚ್ಚಿದ ಕೂಡಲೇ ನಶ್ಯದ ವಾಸನೆ. ನಮ್ಮ ಮನೆಯಲ್ಲಿ ನಶ್ಯ ಏರಿಸುವವರು ಯಾವ ಕಾಲಕ್ಕೂ ಇರಲಿಲ್ಲ. ಅದು ಪಾಲಿಸಿ ಮಾಮ ಕೊಟ್ಟ ಫೈಲು. ಒಳಗೆ ಅಂಗೈಯಗಲದ ಕ್ಯಾಲೆಂಡರ್ ಕಾರ್ಡೊಂದು ಇನ್ನೂ ಇತ್ತು. ಅದರಲ್ಲಿ ಇಪ್ಪತ್ತೇಳನೇ ತಾರೀಖಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿತ್ತು. ನೋಡಿದ್ದೇ ಎದೆ ಧಸಕ್ಕೆಂದಿತು. ಇಷ್ಟು ವರ್ಷವಾದ ಮೇಲೂ!

ಆ ಫೈಲನ್ನು ನಾನು ಯಾಕೆ ಹುಡುಕುತ್ತಿದ್ದೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ಮಾಮನ ವಿಷಯ.

ನಾನು ಹುಟ್ಟಾ ಪುಕ್ಕಲಿ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ, ನಮ್ಮವರು ಮದುವೆಯಾದ ಹೊಸದರಲ್ಲೇ ಊರಿಗೆಲ್ಲ ಹೇಳಿ ಮುಗಿಸಿದ್ದಾರೆ. ಇವರು ಬರುವ ಲೋಕಲ್ ರೈಲು ಐದು ನಿಮಿಷ ತಡವಾದರೆ ನನ್ನ ಕೈಕಾಲು ತಣ್ಣಗಾಗುತ್ತವೆ. ಫೋನು ಎರಡು ಸಲ ರಿಂಗಾಗಿ ನಿಂತರೆ ಯಾರೋ ಹೋದರು ಎಂದೇ ನನ್ನ ಲೆಕ್ಕ. ಇಂಥವಳು ಇರುವ ಬಿಲ್ಡಿಂಗಿನಲ್ಲೇ, ಅದೂ ಮೆಟ್ಟಿಲ ಬುಡದಲ್ಲೇ, ಇನ್ಶೂರೆನ್ಸ್ ಏಜೆಂಟರ ಮನೆ! ಸಯನ್‌ನ ನಮ್ಮ ಬಿಲ್ಡಿಂಗಿಗೆ ಮೂರು ಮಹಡಿ, ಲಿಫ್ಟಿಲ್ಲ. ಹಾಲು ತರಲು ಇಳಿದರೂ, ಕಸ ಹಾಕಲು ಇಳಿದರೂ ಅವರ ಬಾಗಿಲ ಮುಂದೆಯೇ ಹಾಯಬೇಕು.

ಅವರೂ ಮೈಸೂರು ಕಡೆಯವರೇ. ಮದುವೆ ಮಾಡಿಕೊಂಡಿರಲಿಲ್ಲ, ತಮ್ಮನ ಸಂಸಾರದ ಜೊತೆ ಇದ್ದರು. ಬಿಲ್ಡಿಂಗಿನ ಮರಾಠಿಯವರೂ ಗುಜರಾತಿಯವರೂ ಕೂಡ ಅವರನ್ನು ‘ಪಾಲಿಸಿ ಮಾಮಾ’ ಎಂದೇ ಕರೆಯುತ್ತಿದ್ದರು. ಇಡೀ ಜನ್ಮ ಒಂದೇ ಕಂಪನಿಯ ಏಜೆಂಟರು. ಬೇರೆ ಕಂಪನಿಯ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ, ಹಳೆಯ ಕಾಲದ ಹೆಂಗಸರು ಗಂಡನ ಹೆಸರು ಹೇಳದ ಹಾಗೆ.

ಅವರ ಕೆಲಸದ ರೀತಿ ಬೇರೆ. ಮನೆಗೆ ಬಂದವರು ಮೊದಲು ಕಾಗದ ತೆಗೆಯುತ್ತಿರಲಿಲ್ಲ. ‘ಕಾಫಿ ಆಗ್ಲಿ’ ಎನ್ನುತ್ತಿದ್ದರು. ತಮಗಲ್ಲ, ಮನೆಯವರೆಲ್ಲರಿಗೂ. ಕಾಫಿ ಬಂದಾಗ ಯಾರು ಸಕ್ಕರೆ ಬೇಡ ಎನ್ನುತ್ತಾರೆ, ಯಾರು ಮೊಣಕಾಲು ಹಿಡಿದುಕೊಂಡು ಏಳುತ್ತಾರೆ, ಯಾರ ಕಾಲು ಊದಿದೆ... ಎಲ್ಲ ಸುಮ್ಮನೆ ನೋಡಿಕೊಳ್ಳುತ್ತಿದ್ದರು. ಆಮೇಲೆ ಫಾರಂ ಬಿಡಿಸಿ ಒಂದೊಂದೇ ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಉತ್ತರ ಬರುವ ತನಕ ಪೆನ್ನು ಕೆಳಗಿಡುತ್ತಿರಲಿಲ್ಲ. ಖಾಲಿ ಫಾರಂಗೆ ಸಹಿ ಹಾಕಿಸಿಕೊಂಡು ಹೋಗುವ ಏಜೆಂಟರನ್ನು ಎಷ್ಟು ಜನರನ್ನು ನೋಡಿಲ್ಲ ನಾನು! ಮಾಮ ಹಾಗಲ್ಲ.

ನಾವು ಅವರಿಂದ ಆಸ್ಪತ್ರೆ ಖರ್ಚಿನ ಪಾಲಿಸಿ ಮಾಡಿಸಿದಾಗ ನಮ್ಮವರಿಗೆ ಆಗಷ್ಟೇ ಶುಗರ್ ಶುರುವಾಗಿತ್ತು. ಆಫೀಸಿನಲ್ಲಿ ಕೂಡ ಯಾರಿಗೂ ಹೇಳಿರಲಿಲ್ಲ. ಫಾರಂನಲ್ಲಿ ಆ ಪ್ರಶ್ನೆ ಬಂದಾಗ ನಾನು ನೆಲ ನೋಡಿದೆ, ಇವರು ಫ್ಯಾನು ನೋಡಿದರು. ಮಾಮ ಇವರ ಮುಂದಿದ್ದ ಸಕ್ಕರೆ ಹಾಕದ ಕಾಫಿ ಲೋಟ ನೋಡಿದರು.

“ಊರಿಗೆಲ್ಲ ಡಂಗುರ ಹೊಡೀಬೇಕಾ ಮಾಮ?” ಎಂದು ಇವರು ರೇಗಿದರು.

“ಊರಿಗೆ ಬೇಡ, ಕಂಪನಿಗೆ ಹೇಳಿ ಸಾಕು. ಇವತ್ತು ಇಲ್ಲಿ ಮುಚ್ಚಿಟ್ರೆ ನಾಳೆ ಆಸ್ಪತ್ರೆ ಬಾಗಿಲಲ್ಲಿ ಅದೇ ಎದುರಿಗೆ ನಿಂತ್ಕೊಳ್ಳುತ್ತೆ.”

ಬರೆದರು. ಅದರಿಂದ ಪ್ರೀಮಿಯಂ ಏರಿತು, ಇವರ ಮುಖ ಇಳಿಯಿತು. ಅದಾದ ಮೇಲೆ ಪ್ರತಿ ವರ್ಷ ರಿನ್ಯೂವಲ್‌ಗೆ ಒಂದೂವರೆ ತಿಂಗಳಿದೆ ಎನ್ನುವಾಗ ಮಾಮ ಮೇಲೆ ಬಂದು, ಆ ಪುಟ್ಟ ಕ್ಯಾಲೆಂಡರ್ ಕಾರ್ಡು ಕೊಟ್ಟು, ನನ್ನ ಕಣ್ಣೆದುರೇ ಇಪ್ಪತ್ತೇಳಕ್ಕೆ ಕೆಂಪು ಸುತ್ತು ಹಾಕಿ ಹೋಗುವುದು ಪದ್ಧತಿಯಾಯಿತು. ನನಗಂತೂ ಆ ಕೆಂಪು ಸುತ್ತು ಕಂಡರೆ ಯಮನೇ ಗುರುತು ಹಾಕಿ ಹೋದಂತೆ. ದೇವರ ಮನೆಯ ಹತ್ತಿರ ಇಡದೆ ಬೀರುವಿನೊಳಗೆ ತುರುಕುತ್ತಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಪವಾಯಿಯ ಆಫೀಸಿನಿಂದ ಇವರು ಸುದ್ದಿ ತಂದರು. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರಿಗೆ ಎದೆಯ ಆಪರೇಷನ್ ಆಗಿತ್ತು. ನಮ್ಮಂಥದೇ ಹಳೆಯ ಸಣ್ಣ ಪಾಲಿಸಿ. ರೂಮಿನ ಬಾಡಿಗೆಗೆ ಇಷ್ಟೇ ಎಂದು ಮಿತಿ ಇತ್ತಂತೆ, ಅದನ್ನು ಮೀರಿದ ರೂಮು ತೆಗೆದುಕೊಂಡಿದ್ದಕ್ಕೆ ಉಳಿದ ಖರ್ಚನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸಿದರಂತೆ. ಆ ಮನೆಯವರು ಈಗ ಫ್ಲ್ಯಾಟು ಮಾರುವ ಮಾತಾಡುತ್ತಿದ್ದರು.

ನನಗೆ ಅಂದಿನಿಂದ ಅನ್ನ ಸೇರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕ ಮಾಮನನ್ನು ನೇರವಾಗಿಯೇ ಕೇಳಿದೆ, ನಮ್ಮ ಪಾಲಿಸಿ ಸಾಲುತ್ತದೆಯೇ ಎಂದು. ಅವರು ಡಬ್ಬಿಯಿಂದ ಚಿಟಿಕೆ ನಶ್ಯ ತೆಗೆದರು, ಏರಿಸಲಿಲ್ಲ.

“ನನ್ನ ಕೈಲಿರೋದು ಒಂದೇ ಕಂಪನಿ ಕಣ್ರಮ್ಮ. ಅದರಲ್ಲಿರೋದು ಇಷ್ಟೇ.”

ಅಷ್ಟು ಹೇಳಿ ಒಳಗೆ ಹೋದರು. ನನಗೆ ಸಿಟ್ಟೇ ಬಂತು. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲು ಇವರಿಗೇನು ಬಂದಿದೆ ಧಾಡಿ ಎಂದುಕೊಂಡೆ. ಅದೇ ಸರಿಯಾದ ಉತ್ತರವಾಗಿತ್ತು ಎಂದು ಹೊಳೆಯಲು ನನಗೆ ಬಹಳ ದಿನ ಬೇಕಾಯಿತು.

ಆಮೇಲೆ ಇವರ ಆಫೀಸಿನವರೇ ಒಂದು ನಂಬರು ಕೊಟ್ಟರು. ಯಾವ ಒಂದು ಕಂಪನಿಗೂ ಕಟ್ಟುಬೀಳದೆ, ಹತ್ತಾರು ಕಂಪನಿಗಳ ಪಾಲಿಸಿ ಹೋಲಿಸಿ ಕೊಡಿಸುವ ಹುಡುಗಿಯಂತೆ. ಒಂದು ಶನಿವಾರ ಸಾಂತಾಕ್ರೂಜ್‌ನಿಂದ ಸ್ಕೂಟರ್ ಮೇಲೆ ಬಂದಳು. ಹುಬ್ಬಳ್ಳಿ ಕಡೆಯ ಮುಸ್ಲಿಮರ ಹುಡುಗಿ, ಅಪ್ಪನದು ಟೇಲರಿಂಗ್ ಅಂಗಡಿ. ಫೋನಿನಲ್ಲಿ ಅಪ್ಪನ ಜೊತೆ ದಖನಿಯಲ್ಲಿ ಮಾತಾಡಿ, ನನ್ನ ಕಡೆ ತಿರುಗಿ ಅಚ್ಚ ಹುಬ್ಬಳ್ಳಿ ಕನ್ನಡ ಹೊಡೆದಳು. ನಮ್ಮ ಚಾಪೆಯ ಮೇಲೆ ನಾಲ್ಕು ಕಂಪನಿಗಳ ಕಾಗದ ಹರವಿ, ಯಾವುದರಲ್ಲಿ ಏನಿದೆ, ಏನಿಲ್ಲ ಎಂದು ಬೆರಳಿಟ್ಟು ತೋರಿಸಿದಳು.

“ನಾ ಯಾರ ಪೈಕಿನೂ ಅಲ್ರಿ ಅಕ್ಕಾರ. ನಿಮಗ ಹೊಂದೂದು ಹೇಳ್ತೀನಿ. ಕಮಿಷನ್ ನನಗೂ ಬರ್ತೈತಿ, ಅದೇನು ಮುಚ್ಚಿಡೂದಿಲ್ಲ.”

ಹುಡುಗಿ ನನಗೆ ಹಿಡಿಸಿದಳು. ಅದೇ ತೊಂದರೆಯಾಯಿತು! ಅವಳು ಹೋದ ಮೇಲೆ ಒಂದು ವಾರ ನಾನು ಹಿಂದೆ ಮುಂದೆ ತೂಗಾಡಿದೆ. ಮಾಮನಿಗೆ ತಮ್ಮ ಕಂಪನಿಯ ಒಂದೊಂದು ಸಾಲೂ ಬಾಯಿಪಾಠ. ಇವಳು ಹತ್ತು ಕಂಪನಿಗಳನ್ನು ತಲೆಯಲ್ಲಿಟ್ಟುಕೊಂಡು ಹೊತ್ತಿಗೆ ಬೇಕಾದ್ದು ಮರೆತರೆ? ಮಾಮ ಕೂಗಿದರೆ ಕೇಳಿಸುವಷ್ಟು ಹತ್ತಿರ. ಇವಳು ಸಾಂತಾಕ್ರೂಜ್‌ನಿಂದ ಬರುವಷ್ಟರಲ್ಲಿ ಏನಾದರೂ ಆಗಿಬಿಟ್ಟರೆ? ಮಾಮನ ಕಂಪನಿ ಸಣ್ಣ ಪಾಲಿಸಿ ಕೊಡುತ್ತದೆ, ಆದರೆ ಇವರ ಶುಗರ್ ಅದರ ಪುಸ್ತಕದಲ್ಲಿ ವರ್ಷಗಳಿಂದ ಇದೆ. ಹೊಸಬರು ಏನೆನ್ನುತ್ತಾರೋ...

“ಪಾಲಿಸಿ ತಗೋತಿದೀವೋ, ಸಂಬಂಧ ಬೆಳೆಸ್ತಿದೀವೋ?” ಎಂದು ಇವರು ನಕ್ಕರು. “ದೊಡ್ಡದು ಯಾವುದೋ ಅದು. ಅಷ್ಟೇ.”

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ದಾಕ್ಷಿಣ್ಯ ಅನ್ನುವುದೊಂದಿದೆಯಲ್ಲ ನಮ್ಮ ಜನಕ್ಕೆ! ಮಾಮನ ಮುಖ ನೋಡಿ, ‘ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗುತ್ತಿದ್ದೇವೆ’ ಎಂದು ಹೇಳುವ ಧೈರ್ಯ ನನಗೆ ಈ ಜನ್ಮದಲ್ಲಿ ಬರುವುದಿಲ್ಲ. ಹಾಗಾಗಿ ಹುಡುಗಿ ಎರಡನೇ ಸಲ ಬಂದಾಗ, ಹಳೆಯದನ್ನು ಸುಮ್ಮನೆ ಬಿಟ್ಟುಬಿಟ್ಟು ಹೊಸದಾಗಿ ಒಂದು ಮಾಡಿಸಿದರಾಗದೇ ಎಂದು ಕೇಳಿದೆ. ಕೆಳಗಿನ ಮನೆಯವರಿಗೆ ಗೊತ್ತಾಗಬಾರದು ಎಂದೂ ಸೇರಿಸಿದೆ.

“ಗೊತ್ತಾದ್ರ ಏನಾತ್ರಿ? ನಾವೇನು ಕಳವು ಮಾಡಾಕತ್ತೇವೇನು?” ಎಂದು ನಕ್ಕವಳು ತಕ್ಷಣ ಗಂಭೀರಳಾದಳು. “ಹೊಸಾದು ಬ್ಯಾಡ್ರಿ ಅಕ್ಕಾರ. ಹೊಸಾದು ಮಾಡಿಸಿದ್ರ ಶುಗರ್‌ಗೆ ಕಂಪನಿ ರೊಕ್ಕ ಕೊಡಾಕ ಮತ್ತ ಮೊದಲಿಂದ ಎರಡ್ಮೂರು ವರ್ಷ ಕಾಯಬೇಕು. ಇಷ್ಟು ವರ್ಷದ್ದೆಲ್ಲ ನೀರಾಗ ಹೋಗ್ತೈತಿ. ಪೋರ್ಟ್ ಮಾಡೋಣು.”

ಪೋರ್ಟ್ ಎಂದರೆ ಹಳೆಯ ಪಾಲಿಸಿಯ ವರ್ಷಗಳನ್ನು ಹೊಸ ಕಂಪನಿಗೆ ಜೊತೆಯಲ್ಲೇ ಒಯ್ಯುವುದು. ಹೊಸ ಕಂಪನಿ ಒಪ್ಪಬೇಕು, ಹಳೆಯ ಪಾಲಿಸಿ ಮುಗಿಯುವ ದಿನವೇ ಹೊಸದು ಶುರುವಾಗಬೇಕು. ಅಂದರೆ ಇಪ್ಪತ್ತೇಳನೇ ತಾರೀಖು. ಒಪ್ಪಿಕೊಂಡೆ. ಅವಳ ಮುಂದೆಯೇ ಇವರು ಶುಗರ್ ವಿಷಯ ಬರೆಸಿದರು, ರಕ್ತಪರೀಕ್ಷೆಯೂ ಆಯಿತು.

ಅಲ್ಲಿಂದ ಶುರುವಾಯಿತು ನನ್ನ ಕಳ್ಳತನ. ಹಾಲಿಗೆ ಮಗಳನ್ನು ಕಳಿಸಿದೆ. ಕಸದ ಬುಟ್ಟಿ ಹಿಡಿದು ಎರಡನೇ ಮಹಡಿಯಲ್ಲೇ ನಿಂತು ಕೆಳಗೆ ಸೀನಿನ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡುತ್ತಿದ್ದೆ. ನಶ್ಯ ಏರಿಸಿದರೆ ಮಾಮ ಮೂರು ಸಲ ಸೀನುತ್ತಿದ್ದರು, ಮೂರನೆಯದು ಮುಗಿದ ಮೇಲೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಇಳಿಯುತ್ತಿದ್ದೆ. ನಲವತ್ತು ದಾಟಿದ ಹೆಂಗಸು! ಬೆಳಿಗ್ಗೆ ಹೊತ್ತು ಅವರು ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಪೇಪರ್ ಓದುತ್ತಾ ಕೂರುವ ವಾಡಿಕೆ. ಆ ದಿನಗಳಲ್ಲಿ ಯಾಕೋ ಬೆಂಚು ಖಾಲಿಯಿರುತ್ತಿತ್ತು. ಆ ವರ್ಷ ಕ್ಯಾಲೆಂಡರ್ ಕಾರ್ಡನ್ನೂ ಅವರು ಮೇಲೆ ತರಲಿಲ್ಲ, ನಮ್ಮ ಕಾಗದಗಳ ನಕಲಿನ ಜೊತೆ ಒಂದು ಫೈಲಿನೊಳಗೆ ಇಟ್ಟು ಮಗಳ ಕೈಯಲ್ಲಿ ಕಳಿಸಿದರು. ಎಲ್ಲ ನನ್ನ ಪುಣ್ಯ ಎಂದುಕೊಂಡೆ.

ಇಪ್ಪತ್ತೇಳಕ್ಕೆ ಮೂರು ವಾರವಿದೆ ಎನ್ನುವಾಗ ಹುಡುಗಿಯ ಫೋನು ಬಂತು, ಹೊಸ ಕಂಪನಿ ಒಪ್ಪಿದೆ ಎಂದು. ನಾನು ತುಪ್ಪದ ದೀಪ ಹಚ್ಚಿದೆ. ಏಳನೇ ತಾರೀಖಿನ ಸಂಜೆ ಇವರು ಆಫೀಸಿನಿಂದ ಬಂದವರು ಸೋಫಾದ ಮೇಲೆ ಶೂ ಕೂಡ ಬಿಚ್ಚದೆ ಕೂತರು.

“ಏನೋ ಒಂಥರಾ ಎದೆ ಹಿಡ್ಕೊಂಡ ಹಾಗೆ ಆಯ್ತು, ಸ್ಟೇಷನ್ ಬ್ರಿಡ್ಜ್ ಹತ್ತೋವಾಗ.”

ಅಯ್ಯೋ ಶಿವನೇ! ಜೀರಿಗೆ ನೀರು ಕೊಟ್ಟೆ, ಸರಿಹೋಯಿತು. ಮರುದಿನ ಮತ್ತೆ ಬಂತು. ಅದರ ಮರುದಿನ ಇಲ್ಲ. ಮತ್ತೆ ಬಂತು. ಮಗಳು ಕಾಲೇಜಿನಿಂದ ಬಂದವಳು, “ಅಮ್ಮಾ, ಪಪ್ಪಾ ಸ್ಟೇರ್ಸ್ ಮೇಲೆ ಯಾಕೆ ಬೈಠ್ತಾರೆ? ಕುಛ್ ಹುವಾ ಕ್ಯಾ?” ಎಂದು ತನ್ನ ಅರೆಬರೆ ಕನ್ನಡದಲ್ಲಿ ಕೇಳಿದಳು. ಏನೂ ಇಲ್ಲ, ಗ್ಯಾಸು ಎಂದೆ.

ನಾನು ಹುಡುಗಿಗೆ ಫೋನು ಮಾಡಿದೆ. ಸುಮ್ಮನೆ ವಿಚಾರಿಸುವವಳ ಹಾಗೆ, ಪಾಲಿಸಿ ಶುರುವಾಗುವುದರೊಳಗೆ ಯಾರಾದರೂ ಡಾಕ್ಟರ ಹತ್ತಿರ ಹೋದರೆ ಏನಾಗುತ್ತದೆ ಎಂದು ಕೇಳಿದೆ.

“ಹೊಸಾದು ಏನರ ಕಂಡ್ರ ಕಂಪನಿಗೆ ಹೇಳಬೇಕಾಗ್ತೈತ್ರಿ. ಅವರು ಬ್ಯಾಡ ಅಂತಂದ್ರೂ ಅನ್ನಬಹುದು,” ಎಂದಳು. ಆಮೇಲೆ ದನಿ ಬದಲಾಯಿತು. “ಯಾಕ್ರಿ ಅಕ್ಕಾರ, ಯಾರಿಗೇನಾಗೇತಿ?”

“ಯಾರಿಗೂ ಏನೂ ಇಲ್ಲಮ್ಮ. ಹಾಗೇ ಕೇಳಿದೆ.”

ಫೋನು ಇಟ್ಟವಳ ತಲೆಯಲ್ಲಿ ಒಂದೇ ಒಂದು ಯೋಚನೆ. ಈಗ ಡಾಕ್ಟರಿಗೆ ತೋರಿಸಿದರೆ ದೊಡ್ಡ ಪಾಲಿಸಿ ಕೈತಪ್ಪುತ್ತದೆ. ಕೈಯಲ್ಲಿರುವುದು ಹಳೆಯ ಸಣ್ಣದು. ಆಮೇಲೆ ಆಪರೇಷನ್ ಎಂದರೆ ಫ್ಲ್ಯಾಟು ಮಾರಬೇಕು, ಇವರ ಆಫೀಸಿನವರ ಹಾಗೆ. ಇಪ್ಪತ್ತೇಳು ದಾಟಿಬಿಟ್ಟರೆ ಸಾಕು. ಇವರೂ ಅದನ್ನೇ ಹೇಳಿದರು, ಅಥವಾ ನಾನು ಹೇಳಿದ್ದಕ್ಕೆ ತಲೆಯಾಡಿಸಿದರೋ... ಇವತ್ತಿಗೂ ಆ ಮಾತು ಮೊದಲು ಯಾರ ಬಾಯಿಂದ ಬಂತು ಎಂದು ನಾವಿಬ್ಬರೂ ಮಾತಾಡಿಕೊಂಡಿಲ್ಲ. ಆದರೆ ‘ಇನ್ನು ಸ್ವಲ್ಪ ದಿನ ತಡ್ಕೊಳ್ಳಿ’ ಎಂದು ದಿನಾ ಬೆಳಿಗ್ಗೆ ಟಿಫಿನ್ ಡಬ್ಬಿ ಕೈಗೆ ಕೊಡುವಾಗ ಹೇಳುತ್ತಿದ್ದವಳು ನಾನೇ. ಅದಂತೂ ಚೆನ್ನಾಗಿ ನೆನಪಿದೆ.

ಒಂಬತ್ತು ದಿನ. ಆ ಒಂಬತ್ತು ದಿನ ನಾನು ಹೇಗಿದ್ದೆ ಎಂದರೆ, ಇವರು ಲೋಕಲ್ ಹತ್ತಿದರೆಂದು ಮೆಸೇಜು ಬರುವವರೆಗೆ ಒಲೆ ಹಚ್ಚುತ್ತಿರಲಿಲ್ಲ. ಪಕ್ಕದಲ್ಲಿ ಮಲಗಿದವರ ಉಸಿರಿಗೆ ಕಿವಿ ಕೊಟ್ಟೇ ಬೆಳಗಾಗುತ್ತಿತ್ತು. ಹೆದರಿಕೆ ನನಗೆ ಹೊಸದಲ್ಲ, ಆದರೆ ಅಷ್ಟು ದಿನ ಇಲ್ಲದ್ದಕ್ಕೆ ಹೆದರುತ್ತಿದ್ದೆ. ಈ ಸಲ ಇದ್ದದ್ದಕ್ಕೆ ಹೆದರಿ, ಇಲ್ಲ ಎಂದು ನಟಿಸುತ್ತಿದ್ದೆ.

ಹದಿನಾರನೇ ತಾರೀಖು, ಭಾನುವಾರ ಬೆಳಿಗ್ಗೆ. ಇವರು ತರಕಾರಿ ತರುತ್ತೇನೆಂದು ಹೋಗಿದ್ದರು. ಬೆಲ್ಲಾಯಿತು. ಬಾಗಿಲು ತೆಗೆದರೆ ಎದುರಿಗೆ ಮಾಮ! ನಾನು ಒಂದೂವರೆ ತಿಂಗಳಿಂದ ಯಾರ ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದೆನೋ ಅವರೇ ನಮ್ಮ ತರಕಾರಿ ಚೀಲ ಹಿಡಿದು ನಿಂತಿದ್ದರು. ಪೋರ್ಟ್ ವಿಷಯ ಗೊತ್ತಾಗಿ ಜಗಳಕ್ಕೇ ಬಂದರು ಎಂದು ಜೀವ ಬಾಯಿಗೆ ಬಂತು. ಅವರ ಹಿಂದೆ ಇವರು ಗೋಡೆ ಹಿಡಿದುಕೊಂಡು ಬರುತ್ತಿದ್ದರು. ಅಂಗಿಯೆಲ್ಲ ಬೆವರಿನಿಂದ ಒದ್ದೆ.

“ಎಷ್ಟು ದಿನದಿಂದಮ್ಮ?”

“ಏನು ಮಾಮ... ನಿನ್ನೆಯಿಂದ. ಗ್ಯಾಸ್ ಇರ್ಬೇಕು.”

ಮಾಮ ಚೀಲ ಕೆಳಗಿಟ್ಟರು. ಫಾರಂ ತುಂಬುವಾಗ ನೋಡುತ್ತಿದ್ದ ಹಾಗೆಯೇ, ಉತ್ತರ ಬರುವ ತನಕ ಬಿಡದವರ ಹಾಗೆ ನನ್ನನ್ನು ನೋಡಿದರು.

“ಎಷ್ಟು ದಿನದಿಂದಮ್ಮ?”

“ಒಂಬತ್ತು.”

“ಇಪ್ಪತ್ತೇಳಕ್ಕೆ ಕಾಯ್ತಿದೀಯಾ?”

ಅದುವರೆಗೆ ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವರು. ನನಗೆ ಅಳು ಬಂತು.

“ನನ್ನ ಪಾಲಿಸಿ ಸಣ್ಣದು, ಹೌದು. ಆದ್ರೆ ಇವತ್ತು ಇದೆ. ಆ ಫೈಲ್ ತಗೊಂಡು ಬಾ. ನಡಿ.”

ಟ್ಯಾಕ್ಸಿಯಲ್ಲಿ ಇವರು ಮಧ್ಯೆ, ನಾವಿಬ್ಬರೂ ಆಚೆ ಈಚೆ. ಆಸ್ಪತ್ರೆ ಹತ್ತಿರವೇ, ಆದರೆ ಆ ದಾರಿ ನನಗೆ ಮುಗಿಯಲೇ ಇಲ್ಲ. ಎಮರ್ಜೆನ್ಸಿಯಲ್ಲಿ ಡಾಕ್ಟರು ಹಿಂದಿಯಲ್ಲಿ ಕೇಳಿದ ಮೊದಲ ಪ್ರಶ್ನೆಯೂ ಅದೇ, ನೋವು ಎಷ್ಟು ದಿನದಿಂದ. ಇವತ್ತು ಬೆಳಿಗ್ಗೆಯಿಂದ ಎನ್ನಲು ಬಾಯಿ ತೆರೆದೆ. ಹಿಂದೆ ನಿಂತಿದ್ದ ಮಾಮ ಕೆಮ್ಮಿದರು. ಒಂಬತ್ತು ದಿನ ಎಂದೆ. ಡಾಕ್ಟರು ನನ್ನನ್ನು ನೋಡಿದ ನೋಟವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಇವರನ್ನು ಒಳಗೆ ಕರೆದುಕೊಂಡು ಹೋದರು. ಮಾಮ ಇನ್ಶೂರೆನ್ಸ್ ಕೌಂಟರಿಗೆ ಹೋಗಿ ನಿಂತರು. ಪಾಲಿಸಿಯ ಬಾಡಿಗೆ ಮಿತಿಯೊಳಗಿನ ರೂಮೇ ಬೇಕೆಂದು ಮೊದಲೇ ಬರೆಸಿದರು, ಆಮೇಲೆ ಕತ್ತರಿ ಬೀಳದ ಹಾಗೆ. ಮಧ್ಯಾಹ್ನದ ಹೊತ್ತಿಗೆ ಕಂಪನಿಯಿಂದ ಪ್ರಶ್ನೆ ಬಂತು: ಶುಗರ್ ಯಾವಾಗಿನಿಂದ? ಮೊದಲೇ ತಿಳಿಸಿದ್ದೀರಾ? ಮಾಮ ಫೈಲು ಬಿಚ್ಚಿ, ತಾವೇ ಕೈಯಾರೆ ತುಂಬಿದ್ದ ಫಾರಂನ ನಕಲು ತೆಗೆದು ಕೌಂಟರಿನ ಮೇಲೆ ಇಟ್ಟರು. ಅವತ್ತು ಇವರು ಯಾವ ಸಾಲಿಗೆ ರೇಗಿದ್ದರೋ ಅದೇ ಸಾಲು. ಇನ್ನೊಂದು ಗಂಟೆಯಲ್ಲಿ ಮಂಜೂರಾಯಿತು.

ರಕ್ತನಾಳದಲ್ಲಿ ದಾರದೆಳೆಯಷ್ಟೇ ದಾರಿ ಉಳಿದಿತ್ತಂತೆ. ಸ್ಟೆಂಟ್ ಹಾಕಿ ಹೊರಗೆ ಬಂದ ಡಾಕ್ಟರನ್ನು ನಾನು ಕೇಳಬಾರದಿತ್ತು, ಆದರೂ ಕೇಳಿದೆ. ಇನ್ನು ಹನ್ನೊಂದು ದಿನ ಬಿಟ್ಟು ಬಂದಿದ್ದರೆ? ಹನ್ನೊಂದು ದಿನದ ಮಾತು ಬಿಡಿ, ನಾಳೆಯ ಮಾತನ್ನೂ ನಾನು ಕೊಡುತ್ತಿರಲಿಲ್ಲ ಎಂದರು ಅವರು. ನಾನು ಅಲ್ಲೇ ನೆಲದ ಮೇಲೆ ಕೂತೆ.

ಮಾಮ ಎರಡು ಕಪ್ ಚಹಾ ತಂದು ಒಂದನ್ನು ನನ್ನ ಕೈಗಿಟ್ಟರು. ಪಕ್ಕದ ಕುರ್ಚಿಯಲ್ಲಿ ಕೂತು ನಶ್ಯದ ಡಬ್ಬಿ ತೆಗೆದು, ಆಸ್ಪತ್ರೆ ಎಂದು ನೆನಪಾಗಿ ಮತ್ತೆ ಜೇಬಿಗೆ ಹಾಕಿದರು.

“ಮಾಮ, ನಿಮ್ಮ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೆ...”

“ಗೊತ್ತು ಬಿಡಮ್ಮ. ಆ ಹುಡುಗಿ ಮೊದಲನೇ ದಿನ ಬಂದಾಗ ಗೇಟಲ್ಲಿ ನನ್ನನ್ನೇ ಕೇಳಿದ್ಲು, ಮೂರನೇ ಮಹಡಿ ಕನ್ನಡದವರ ಮನೆ ಯಾವುದು ಅಂತ. ಕೈಯಲ್ಲಿ ನಾಲ್ಕು ಕಂಪನಿ ಕಾಗದ. ನಾನೇ ದಾರಿ ತೋರಿಸ್ದೆ.”

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಮೊದಲನೇ ದಿನವೇ! ಚಪ್ಪಲಿ ಕೈಯಲ್ಲಿ ಹಿಡಿದು ನಾನು ಇಳಿದ ಮೆಟ್ಟಿಲುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು.

“ಮತ್ತೆ ಯಾಕೆ ಒಂದು ಮಾತೂ ಕೇಳಲಿಲ್ಲ?”

“ಕೇಳಿದ್ರೆ ನೀನು ದಾಕ್ಷಿಣ್ಯಕ್ಕೆ ಉಳ್ಕೋತಿದ್ದೆ. ದೊಡ್ಡ ಪಾಲಿಸಿ ನಿಮಗೆ ಬೇಕಾಗಿತ್ತು, ನನ್ನ ಹತ್ತಿರ ಇರಲಿಲ್ಲ. ಅದಕ್ಕೇ ನಿನ್ನ ಕಣ್ಣಿಗೆ ಬೀಳೋದೇ ಬೇಡ ಅಂತ ಬೆಂಚಿನ ಮೇಲೆ ಕೂರೋದೂ ಬಿಟ್ಟೆ.” ಚಹಾ ಕುಡಿದು ಮುಗಿಸಿ, ತಮ್ಮಷ್ಟಕ್ಕೇ ಹೇಳಿಕೊಂಡಂತೆ ಅಂದರು, “ಕೂತಿದ್ದಿದ್ರೆ ಇವರು ಮೆಟ್ಟಿಲು ಹತ್ತೋದನ್ನ ಮೊದಲೇ ನೋಡ್ತಿದ್ದೆ. ತಪ್ಪಾಯ್ತು.”

ತಪ್ಪಾಯಿತಂತೆ. ಅವರದು!

ಮರುದಿನ ಹುಡುಗಿ ಆಸ್ಪತ್ರೆಗೇ ಬಂದಳು. ವಿಷಯ ಕೇಳಿ ನನ್ನ ಮೇಲೆ ಹರಿಹಾಯ್ದಳು. “ಅವತ್ತ ನನಗ ಫೋನಿನ್ಯಾಗ ಯಾಕ ಸುಳ್ಳು ಹೇಳಿದ್ರಿ?” ಎಂದು ಅಳುವ ಹಾಗಾದಳು. ಹೊಸ ಕಂಪನಿಗೆ ಅವಳೇ ಇದ್ದದ್ದು ಇದ್ದ ಹಾಗೆ ತಿಳಿಸಿದಳು, ಅವರು ಒಪ್ಪಿಗೆ ಹಿಂತೆಗೆದುಕೊಂಡರು. ನಾವು ಮಾಮನ ಕಂಪನಿಯಲ್ಲೇ ಉಳಿದೆವು. ಹಳೆಯ ಪಾಲಿಸಿ ಆಸ್ಪತ್ರೆಯ ಖರ್ಚಿನ ಬಹುಪಾಲು ಕೊಟ್ಟಿತು, ಉಳಿದದ್ದಕ್ಕೆ ಇವರ ಪಿಎಫ್ ಇತ್ತು. ಫ್ಲ್ಯಾಟು ಮಾರಲಿಲ್ಲ. ನಾನು ಒಂಬತ್ತು ದಿನ ಹೆದರಿ ಬಿಳಿಚಿಕೊಂಡಿದ್ದು ಯಾವುದಕ್ಕೋ ಅದು ನಡೆಯಲೇ ಇಲ್ಲ. ನಡೆಯಬಹುದಾಗಿದ್ದಕ್ಕೆ ನಾನು ಸರಿಯಾಗಿ ಹೆದರಿರಲೇ ಇಲ್ಲ.

ಮಾಮನಿಗೆ ನಾನು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಮುಂದಿನ ವರ್ಷ ಅವರು ಕಾರ್ಡು ತಂದು ಸುತ್ತು ಹಾಕಿದಾಗ, ಹೇಳಬೇಕೆಂದುಕೊಂಡವಳು ಕಾಫಿ ಮಾಡಲು ಎದ್ದು ಹೋದೆ. ಅದರ ಮುಂದಿನ ವರ್ಷವೂ ಅಷ್ಟೇ. ಉಪಕಾರ ಮಾಡಿದವರ ಎದುರು ಕೂತು ಆ ಮಾತೆತ್ತುವುದೂ ನಮಗೊಂದು ಸಂಕೋಚ. ಆಮೇಲೆ ನಾನು ಮೈಸೂರಿಗೆ ಅಕ್ಕನ ಮಗನ ಮದುವೆಗೆ ಹೋಗಿದ್ದಾಗ ಅವರಿಗೆ ಜ್ವರ ಬಂತಂತೆ. ನಾಲ್ಕೇ ದಿನ. ನಾನು ವಾಪಸು ಬರುವಷ್ಟರಲ್ಲಿ ಎಲ್ಲ ಮುಗಿದು, ಬಾಗಿಲ ಮುಂದೆ ತೊಳೆದ ನೀರು ಕೂಡ ಒಣಗಿತ್ತು. ತಮ್ಮನ ಸಂಸಾರ ಥಾಣೆಯಲ್ಲಿ ಬೇರೆ ಮನೆ ಮಾಡಿಕೊಂಡು ಹೋಯಿತು. ಆ ಮನೆಗೆ ಈಗ ಯಾರೋ ಬಾಡಿಗೆಗೆ ಬಂದಿದ್ದಾರೆ, ಹಗಲೆಲ್ಲ ಬೀಗ.

ಈಗ ನಮ್ಮ ಕೆಲಸಗಳನ್ನೆಲ್ಲ ಆ ಹುಡುಗಿಯೇ ನೋಡುತ್ತಾಳೆ. ಅವಳಿಗೂ ಮದುವೆಯಾಗಿದೆ, ಆದರೂ ನಮಗೆ ಅವಳು ಹುಡುಗಿಯೇ. ಸ್ಟೆಂಟ್ ಆದದ್ದರಿಂದ ಇವರದು ಹಳೆಯದರಲ್ಲೇ ಇದೆ. ಈ ವರ್ಷ ನನ್ನದನ್ನು ಬೇರೆ ಮಾಡಿ ದೊಡ್ಡದಕ್ಕೆ ಪೋರ್ಟ್ ಮಾಡುತ್ತಿದ್ದಾಳೆ. ಹೊಸ ಕಂಪನಿ ಒಪ್ಪಿಯೂ ಆಗಿದೆ. ಮೊನ್ನೆಗೆ ಇಪ್ಪತ್ತೇಳಕ್ಕೆ ಇನ್ನೂ ಹದಿನಾರು ದಿನವಿತ್ತು.

ಮತ್ತು ಹತ್ತು ದಿನದಿಂದ ನನ್ನ ಎಡ ಕಂಕುಳಲ್ಲಿ ಒಂದು ಗಂಟು ಕೈಗೆ ತಗಲುತ್ತಿತ್ತು.

ಯಾರಿಗೂ ಹೇಳಿರಲಿಲ್ಲ. ಇವರಿಗೂ ಇಲ್ಲ. ಸ್ನಾನ ಮಾಡುವಾಗ ದಿನಾ ಮುಟ್ಟಿ ನೋಡಿಕೊಂಡು, ನಿನ್ನೆಗಿಂತ ಸಣ್ಣದಾಗಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆಗಿರಲಿಲ್ಲ. ಮೊನ್ನೆ ಬೀರು ತೆಗೆದದ್ದು ಹಳೆಯ ಪಾಲಿಸಿಯಲ್ಲಿ ಇಂಥದ್ದಕ್ಕೆಲ್ಲ ಏನು ಬರೆದಿದೆ ಎಂದು ನೋಡಲು. ನಾಚಿಕೆಗೇಡು! ಅಷ್ಟೆಲ್ಲ ಆದ ಮೇಲೂ ನಾನು ಮಾಡುತ್ತಿದ್ದದ್ದು ಅದನ್ನೇ, ಇಪ್ಪತ್ತೇಳಕ್ಕೆ ಕಾಯುವುದನ್ನೇ. ನಶ್ಯದ ವಾಸನೆ ಬರದಿದ್ದರೆ ಕಾಗದ ಓದಿ, ಮಡಚಿಟ್ಟು, ಇನ್ನೂ ಹದಿನಾರು ದಿನ ಕಾಯುತ್ತಿದ್ದೆನೋ ಏನೋ...

ಹುಡುಗಿಗೆ ಫೋನು ಮಾಡಿದೆ. ಈ ಸಲ ಸುಳ್ಳು ಹೇಳಲಿಲ್ಲ.

“ಮೊದಲ ಡಾಕ್ಟರ್, ಅಕ್ಕಾರ. ಕಾಗದ ಆಮ್ಯಾಲ. ಈಗ ಹೊಂಡ್ರಿ, ನಾನೂ ಬರ್ತೀನಿ.”

ಇವರಿಗೆ ಆಫೀಸಿಗೆ ಫೋನು ಮಾಡಿ ಹೇಳಿದೆ. ಸೀರೆ ಬದಲಾಯಿಸಿದೆ. ಬಾಗಿಲಿಗೆ ಬೀಗ ಹಾಕಿದೆ. ಹೆದರಿಕೆ ಹೋಗಿದೆ ಎಂದು ಯಾರೂ ತಿಳಿಯಬಾರದು, ಇಷ್ಟು ನಾನು ಯಾವತ್ತೂ ಹೆದರಿರಲಿಲ್ಲ. ಮೂರು ಮಹಡಿ ಇಳಿದೆ. ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ಇಳಿಯುತ್ತಿದ್ದ ಮೆಟ್ಟಿಲ ಮೇಲೆ ಬೇಕೆಂದೇ ಟಪಟಪ ಸದ್ದು ಮಾಡಿಕೊಂಡು ಇಳಿದೆ. ಆ ಮನೆಯ ಮುಂದೆ ಸ್ವಲ್ಪ ಹೊತ್ತು ನಿಂತೆ ಕೂಡ. ‘ಎಷ್ಟು ದಿನದಿಂದಮ್ಮ?’ ಎಂದು ಕೇಳಲು ಯಾರೂ ಬಾಗಿಲು ತೆರೆಯಲಿಲ್ಲ.